ಮಾವನ ರೀಲಿಗೆ ಹೊಸ ಹಲ್ಲು

ಸೊರಬ, ಶಿಕಾರಿಪುರಗಳ ಸೀಮೆಯಲ್ಲಿ ಮೀನು ಹಿಡಿಯುವುದೆಂದರೆ ಮೊದಲು ನೆನಪಿಗೆ ಬರುವುದು ಕೆರೆಬೇಟೆ. ಬೇಸಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಊರಿಗೆ ಊರೇ ಕೂಣಿಗಳನ್ನು ಹೊತ್ತು ಕೆಸರಿಗೆ ಇಳಿಯುತ್ತದೆ. ಕೂಣಿಯೆಂದರೆ ಬಿದಿರಿನಿಂದ ಹೆಣೆದ, ತಳವಿಲ್ಲದ ಬುಟ್ಟಿ. ಅದನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈಯಿಳಿಸಿ, ಒಳಗೆ ಸಿಕ್ಕಿದ ಮೀನನ್ನು ತಡವಿ ಹಿಡಿಯಬೇಕು. ಆ ಸಾಧನದಲ್ಲಿ ತಿರುಪಿಲ್ಲ, ಚಕ್ರವಿಲ್ಲ. ಮುರಿದರೆ ಹೊಸದನ್ನು ಹೆಣೆದುಕೊಂಡರಾಯಿತು.

ಇಂಥ ಸೀಮೆಯಲ್ಲಿದ್ದೂ ಸೊರಬದ ನಮ್ಮ ಸೋದರಮಾವನವರಿಗೆ ಗಾಳದ ಹುಚ್ಚು. ತಾರುಣ್ಯದಲ್ಲಿ ಅವರ ಸ್ನೇಹಿತರೊಬ್ಬರು ಕೊಟ್ಟುಹೋದ ಸ್ವೀಡನ್ ದೇಶದ ಕೆಂಪು ರೀಲೊಂದು ಅವರ ಟ್ರಂಕಿನಲ್ಲಿ ಮಡಿಪಂಚೆಗಳ ನಡುವೆ ಬಹುಕಾಲದಿಂದ ಮಲಗಿತ್ತು. ಈಗ ಮಾವನವರಿಗೆ ಎಂಬತ್ತನಾಲ್ಕು ವರ್ಷ, ಬಲಗೈ ನಡುಗುತ್ತದೆ. ಒಂದು ದಿನ ಅದನ್ನು ಹೊರತೆಗೆದು ನನ್ನ ಮುಂದಿಟ್ಟು, "ಅಂಜನಾಪುರದಲ್ಲಿ ಇನ್ನೊಂದೇ ಸಲ ದಾರ ಎಸೆಯಬೇಕಪ್ಪ. ಹೊಸದು ಬೇಡ, ಇದೇ ಆಗಬೇಕು" ಎಂದರು. ಹಿಡಿಯನ್ನು ತಿರುಗಿಸಿ ನೋಡಿದೆ. ಒಳಗೆ ಮರಳು ಅರೆದ ಸದ್ದು. ದಾರವನ್ನು ಸ್ವಲ್ಪ ಜಗ್ಗಿ ಹಿಡಿದರೆ ಚಕ್ರ ಜಾರಿ, ಹಿಡಿ ಸುಮ್ಮನೆ ಸುತ್ತುತ್ತಿತ್ತು.

ಇಂಥ ರೀಲಿನ ಒಳಗಿರುವುದು ಮುಖ್ಯವಾಗಿ ಎರಡು ಹಲ್ಲುಚಕ್ರಗಳು. ಹಿಡಿಗೆ ಸೇರಿದ ದೊಡ್ಡ ಹಿತ್ತಾಳೆಯ ಚಕ್ರವು, ದಾರದ ಉರುಳೆಯನ್ನು ಓಡಿಸುವ ಪಿನಿಯನ್ ಎಂಬ ಚಿಕ್ಕ ಚಕ್ರವನ್ನು ತಿರುಗಿಸುತ್ತದೆ. ದೊಡ್ಡದಕ್ಕೆ 54 ಹಲ್ಲು, ಚಿಕ್ಕದಕ್ಕೆ 15 ಹಲ್ಲು ಇವೆಯೆಂದು ಭಾವಿಸೋಣ. ಹಿಡಿಯ ಒಂದು ಸುತ್ತಿಗೆ ಉರುಳೆ ಮೂರೂವರೆಗಿಂತ ಸ್ವಲ್ಪ ಹೆಚ್ಚು ಸುತ್ತು ತಿರುಗುತ್ತದೆ. ವೇಗ ಹೆಚ್ಚಿದಷ್ಟೂ ಹಲ್ಲುಗಳ ಮೇಲೆ ಭಾರ ಬೀಳುತ್ತದೆ.

ರೀಲನ್ನು ಶಿಕಾರಿಪುರದ ಪೇಟೆಯಲ್ಲಿರುವ ಗಡಿಯಾರ ರಿಪೇರಿಯವರೊಬ್ಬರ ಬಳಿಗೆ ಒಯ್ದೆವು. ಅದು ಅಷ್ಟೇನೂ ವಿಚಿತ್ರವಲ್ಲ. 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಂಥ ವೇಗವರ್ಧಕ ರೀಲನ್ನು ತಯಾರಿಸಿದ ಜಾರ್ಜ್ ಸ್ನೈಡರ್ ಎಂಬಾತ ಗಡಿಯಾರದ ಕೆಲಸದವನೇ. ಮಾವನವರ ರೀಲಿನ ಮೂಲವೂ ಅಲ್ಲಿಗೇ ಸೇರುತ್ತದೆ. ಸ್ವೀಡನ್ನಿನ ಸ್ವಾಂಗ್‌ಸ್ಟಾ ಎಂಬ ಊರಿನಲ್ಲಿ 1921ರಲ್ಲಿ ಹುಟ್ಟಿದ ಆಬು ಕಾರ್ಖಾನೆ ಮೊದಲು ತಯಾರಿಸುತ್ತಿದ್ದುದು ಜೇಬುಗಡಿಯಾರಗಳನ್ನು; ಬಳಿಕ ಟ್ಯಾಕ್ಸಿ ಮೀಟರುಗಳನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೀಟರುಗಳ ಬೇಡಿಕೆ ಕುಸಿದಾಗ ಅದು ರೀಲುಗಳತ್ತ ತಿರುಗಿತು. ಅದರ 'ಅಂಬಾಸಡರ್ 5000' ರೀಲು 1950ರ ದಶಕದಲ್ಲಿ ಲೋಕಪ್ರಸಿದ್ಧವಾಯಿತು.

ರಿಪೇರಿಯವರು ಬಿಳಿಯ ಬಟ್ಟೆ ಹಾಸಿ, ಪಕ್ಕದ ತಟ್ಟೆಯನ್ನು ಬಿಚ್ಚಿ, ತೆಗೆದ ಭಾಗಗಳನ್ನು ತೆಗೆದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಜೋಡಿಸುತ್ತ ಹೋದರು. ಹಳೆಯ ಗ್ರೀಸು ಒಣಗಿ ಮೇಣದಂತೆ ಗಟ್ಟಿಯಾಗಿತ್ತು. ಅದರೊಳಗೆ ಚಿನ್ನದ ಪುಡಿಯಂತೆ ಏನೋ ಮಿನುಗುತ್ತಿತ್ತು. "ಇದೇ ನೋಡಿ ಸ್ವಾಮಿ, ನಿಮ್ಮ ಚಕ್ರದ ಹಲ್ಲು" ಎಂದರು ಅವರು. ಸವೆದ ಹಿತ್ತಾಳೆಯ ಪುಡಿ ಅದು! ತಪ್ಪು ಕಾರ್ಖಾನೆಯದಲ್ಲ, ನಮ್ಮದು. ಹೊಳೆಯ ಮರಳು ಒಳಸೇರಿದರೂ ವರ್ಷಾನುಗಟ್ಟಲೆ ತೊಳೆದಿರಲಿಲ್ಲ. ಅಲ್ಲದೆ ದೊಡ್ಡ ಮೀನು ಸಿಕ್ಕಾಗ ಕೋಲನ್ನು ಮೇಲೆತ್ತಿ ಮೀನನ್ನು ಸೆಳೆದು, ಕೋಲನ್ನು ತಗ್ಗಿಸುವಾಗ ಸಡಿಲಾದ ದಾರವನ್ನಷ್ಟೆ ಸುತ್ತಿಕೊಳ್ಳಬೇಕು. ಬಾವಿಯಿಂದ ಕೊಡ ಸೇದುವಂತೆ ಹಿಡಿಯಿಂದಲೇ ಮೀನನ್ನು ಎಳೆದರೆ ಹಲ್ಲುಗಳು ಎಷ್ಟು ದಿನ ತಡೆದಾವು?

ಮೊದಲು ನಾವು ಮಾಡಿದ್ದು ಜಿಪುಣತನದ ಕೆಲಸ. ದೊಡ್ಡ ಚಕ್ರ ಪರವಾಗಿಲ್ಲವೆಂದು ತೋರಿದ್ದರಿಂದ, ಹಾಳಾದ ಬೇರೊಂದು ರೀಲಿನಿಂದ ಚಿಕ್ಕ ಚಕ್ರವನ್ನು ಮಾತ್ರ ತೆಗೆದು ಹಾಕಿಸಿದೆವು. ಒಂದು ವಾರದೊಳಗೆ ಹಳೆಯ ಸದ್ದೇ ಮರಳಿತು. ಬಿಚ್ಚಿದಾಗ ಬಂದ ಚಕ್ರದ ಹಲ್ಲುಗಳ ಮೇಲೂ ಗೀರುಗಳು. ಜೊತೆಯಾಗಿ ಸವೆದ ಚಕ್ರಗಳ ಹಲ್ಲುಗಳು ಒಂದರ ಆಕಾರಕ್ಕೆ ಇನ್ನೊಂದು ಒಗ್ಗಿಕೊಂಡಿರುತ್ತವೆ. ಸವೆಯದ ಹಲ್ಲು ಸವೆದ ಹಲ್ಲಿನೊಡನೆ ಸರಿಯಾಗಿ ಕೂಡದೆ ಒಂದನ್ನೊಂದು ಕೆರೆಯುತ್ತವೆ. ಆದುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಸರಿಯಾದ ದಾರಿ. ಈ ಮಾತನ್ನು ರಿಪೇರಿಯವರು ಮೊದಲೇ ಹೇಳಿದ್ದರು. ಕೇಳದೆ ಹೋದವರು ನಾವು.

ಹಳೆಯ ರೀಲುಗಳ ಭಾಗಗಳು ನಮ್ಮ ಪೇಟೆಗಳಲ್ಲಿ ದೊರೆಯುವುದು ದುರ್ಲಭ. ಅದೇ ಮಾದರಿಯ ಇನ್ನೊಂದು ಹಳೆಯ ರೀಲನ್ನು ಕೊಂಡು ಅದರ ಜೋಡಿಯನ್ನೇ ತೆಗೆಯುವುದು ಒಂದು ಉಪಾಯ. ಲೇತಿನ ಕೆಲಸ ಬಲ್ಲವರಿಂದ ಹಲ್ಲುಚಕ್ರ ಕೊರೆಸುವುದು ಇನ್ನೊಂದು. ಅದಕ್ಕೆ ಅಳತೆ ನಿಖರವಾಗಿರಬೇಕು. ನೇರ ಹಲ್ಲಿನ ಚಕ್ರವಾದರೆ ಲೆಕ್ಕ ಸುಲಭ: ಹಲ್ಲುಗಳ ಸಂಖ್ಯೆಗೆ ಎರಡನ್ನು ಕೂಡಿಸಿ, ಆ ಮೊತ್ತದಿಂದ ಚಕ್ರದ ಹೊರವ್ಯಾಸವನ್ನು ಭಾಗಿಸಿದರೆ ಬರುವ ಅಂಕೆಯೇ ಹಲ್ಲಿನ ಗಾತ್ರದ ಅಳತೆ. 54 ಹಲ್ಲುಗಳ ಚಕ್ರದ ವ್ಯಾಸ 28 ಮಿಲಿಮೀಟರ್ ಇದ್ದರೆ ಆ ಅಂಕೆ 0.5. ಜೊತೆಯ ಚಕ್ರದ ಅಂಕೆಯೂ ಅಷ್ಟೇ ಇರಬೇಕು. ಸವೆದ ಚಕ್ರ ತುಸು ಕಿರಿದಾಗಿರುವುದರಿಂದ ಎರಡು ಅಚ್ಚುಗಳ ನಡುವಣ ದೂರವನ್ನೂ ಅಳೆದು ತಾಳೆ ನೋಡಬೇಕು. ಓರೆಯಾದ ಹಲ್ಲುಗಳಿದ್ದರೆ ಓರೆಯ ಕೋನವೂ ಬೇಕು.

ನಮ್ಮ ಪಾಲಿಗೆ ವಿದೇಶದಲ್ಲಿರುವ ಬಂಧುವೊಬ್ಬರು ನೆರವಾದರು. ಊರಿಗೆ ಬರುವಾಗ ಹುಡುಕಿ ಒಂದು ಜೋಡಿ ಚಕ್ರಗಳನ್ನು ತಂದುಕೊಟ್ಟರು. ರಿಪೇರಿಯವರು ಎಲ್ಲ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿದರು. ದೊಡ್ಡ ಚಕ್ರದೊಳಗೆ ಕೂಡುವ ತಟ್ಟೆಬಿಲ್ಲೆಗಳನ್ನು ಹಳೆಯ ಕ್ರಮದಲ್ಲಿಯೇ ಪೇರಿಸಿದರು. ಮೀನು ಜಗ್ಗಿದಾಗ ದಾರ ಹರಿಯದಂತೆ ಸಡಿಲ ಕೊಡುವುದು ಆ ಬಿಲ್ಲೆಗಳೇ. ಹಲ್ಲುಗಳಿಗೆ ತೆಳುವಾಗಿ ಗ್ರೀಸು, ಅಚ್ಚಿನ ತುದಿಗಳಿಗೆ ಒಂದೊಂದೇ ಹನಿ ಎಣ್ಣೆ. "ಹೆಚ್ಚು ಬಳಿದರೆ ಅದೇ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ" ಎಂದು ಎಚ್ಚರಿಸಿದರು. ತಟ್ಟೆಯನ್ನು ಮುಚ್ಚುವ ಮೊದಲು ಹಿಡಿಯನ್ನು ನಿಧಾನವಾಗಿ ಸುತ್ತಿಸಿ, ಕಿವಿಗೊಟ್ಟು ಕೇಳಿದರು.

ರೀಲಿನ ಕೆಲಸ ಮುಗಿಯಿತು. ಆದರೆ ಮಾವನವರ ತಾರುಣ್ಯದ ಹೊಳೆಗಳು? ಅವರ ಕಾಲದ ಗಾಳಗಾರರು ಬೆರಗಿನಿಂದ ಹೇಳುತ್ತಿದ್ದ ಕಥೆಯೊಂದುಂಟು: 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಸೋದರರಲ್ಲೊಬ್ಬರು ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಮಹಸೀರ್ ಮೀನನ್ನು ಹಿಡಿದದ್ದು. ಕಾವೇರಿ ಸೀಮೆಯ ಆ ಡುಬ್ಬದ ಮಹಸೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ತೀವ್ರ ಅಪಾಯಕ್ಕೊಳಗಾದ ಜೀವಿಗಳ ಸಾಲಿಗೆ ಸೇರಿಸಲಾಯಿತು. ನಮ್ಮ ಜಿಲ್ಲೆಯಲ್ಲಿಯೇ ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ತುಂಗೆಯ ಮೀನುಗಳಿಗೆ ಅಭಯವಿದೆ. ಅಲ್ಲಿ ಗಾಳ ಹಾಕುವಂತಿಲ್ಲ. ಜಲಾಶಯಗಳಲ್ಲಿಯೂ ಅನುಮತಿಯಿಲ್ಲದೆ ಮೀನು ಹಿಡಿಯುವುದು ತಪ್ಪು. ಹಳೆಯ ರೀಲಿಗೆ ಹೊಸ ಚಕ್ರ ಹಾಕಿಸುವವರು ಇದನ್ನೂ ನೆನಪಿಡುವುದು ಲೇಸು.

ಕುಮುದ್ವತಿಗೆ ಕಟ್ಟಿದ ಅಂಜನಾಪುರದ ಜಲಾಶಯಕ್ಕೆ ಒಂದು ಸಂಜೆ ಹೋದೆವು. ಮಾವನವರು ಗಾಳವನ್ನೇ ಕಟ್ಟಗೊಡಲಿಲ್ಲ. "ಮೀನಿಗಾಗಿ ಬಂದದ್ದಲ್ಲ" ಎಂದು, ಬರಿಯ ಸೀಸದ ಗುಂಡನ್ನು ಕಟ್ಟಿಸಿಕೊಂಡರು. ಎರಡು ಸಲ ಎಸೆತ ದಡದಲ್ಲೇ ಬಿತ್ತು. ಮೂರನೆಯದು ನೀರಿನ ಮೇಲೆ ದೂರಕ್ಕೆ ಹೋಗಿ ಮುಳುಗಿತು. ಅವರು ಹಿಡಿಯನ್ನು ತಿರುಗಿಸತೊಡಗಿದರು. ಕೈ ನಡುಗುತ್ತಿತ್ತು; ಚಕ್ರ ಮಾತ್ರ ಎಲ್ಲಿಯೂ ತಡವರಿಸಲಿಲ್ಲ. ದಾರವೆಲ್ಲ ಸುತ್ತಿದ ಮೇಲೆ ಕೋಲನ್ನು ಮೊಮ್ಮಗಳ ಕೈಗಿತ್ತು, "ಬಾವಿ ಸೇದಿದ ಹಾಗೆ ಎಳೀಬೇಡ ಮಗೂ" ಎಂದರು.

ಹಳೆಯ ಚಕ್ರಗಳೆರಡನ್ನೂ ಅವರು ಎಸೆಯಗೊಡಲಿಲ್ಲ. ಅವು ಈಗ ಸೊರಬದ ಮನೆಯ ಟ್ರಂಕಿನಲ್ಲಿ, ಅದೇ ಮಡಿಪಂಚೆಗಳ ನಡುವೆ ಒಂದು ನಶ್ಯದ ಡಬ್ಬಿಯಲ್ಲಿವೆ.