ಮಾಸಿದ ಅಂಕೆಗಳನ್ನು ಓದುವ ಯಂತ್ರ

ಹಳೆಯ ಓಲೆಗರಿಗಳನ್ನು ಓದಿ ಪಾಠವನ್ನು ನಿರ್ಣಯಿಸುವ ವಿದ್ವಾಂಸರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಅಕ್ಷರವು ಒಮ್ಮೆಗೇ ಅಳಿದುಹೋಗುವುದಿಲ್ಲ. ಅಳಿಯುವುದಕ್ಕೆ ಮೊದಲು ಸಂದಿಗ್ಧವಾಗುತ್ತದೆ. ‘ವ’ಕಾರವೋ ‘ಪ’ಕಾರವೋ ಎಂದು ಗರಿಯನ್ನು ಬೆಳಕಿಗೆ ಹಿಡಿದು, ಓರೆಮಾಡಿ, ಮತ್ತೆ ಮತ್ತೆ ನೋಡಬೇಕಾಗುತ್ತದೆ. ನಮ್ಮ ಜೇಬಿನ ದೂರವಾಣಿಯಲ್ಲಿಯೂ ಮೇಜಿನ ಮೇಲಿನ ಗಣಕದಲ್ಲಿಯೂ ಇರುವ ಫ್ಲಾಷ್ ಮೆಮೊರಿಯ ಓದು ಇದಕ್ಕಿಂತ ಬಹಳ ಭಿನ್ನವಾದುದಲ್ಲವೆಂದರೆ ಹಲವರಿಗೆ ಸೋಜಿಗವಾದೀತು. ಯಂತ್ರದಲ್ಲಿ ಬರೆದಿಟ್ಟದ್ದು ಶಿಲಾಶಾಸನದಂತೆ ಸ್ಥಿರವೆಂದು ನಾವು ನಂಬಿದ್ದೇವೆ. ಅದು ಹಾಗಿಲ್ಲ.

ಈ ಮೆಮೊರಿಯ ಜನಕರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ. ಇದರ ಮೊದಲ ಬಗೆ 1984ರಲ್ಲಿಯೂ, ಇಂದು ಎಲ್ಲೆಡೆ ಹಬ್ಬಿರುವ ‘ನ್ಯಾಂಡ್’ ಬಗೆ 1987ರಲ್ಲಿಯೂ ವಿದ್ವತ್ಸಭೆಯ ಮುಂದೆ ಬಂದವು. ಒಂದೊಂದು ಕೋಶವೂ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಪುಟ್ಟ ಸೆರೆಮನೆ. ಸುತ್ತ ವಿದ್ಯುತ್ತು ಹಾಯದ ತೆಳುಗೋಡೆ. ಒಳಗೆ ಎಲೆಕ್ಟ್ರಾನುಗಳು ಹೆಚ್ಚಿದಷ್ಟೂ ಕೋಶವು ವಿದ್ಯುತ್ತಿಗೆ ದಾರಿ ಬಿಡಲು ಹೆಚ್ಚಿನ ವೋಲ್ಟೇಜು ಬೇಕು. ಓದುವುದೆಂದರೆ ಗೊತ್ತಾದ ಒಂದು ವೋಲ್ಟೇಜನ್ನು ಒಡ್ಡಿ, ವಿದ್ಯುತ್ತು ಹಾಯಿತೋ ಇಲ್ಲವೋ ಎಂದು ನೋಡುವುದು, ಅಷ್ಟೆ. ಕೋಶದಲ್ಲಿ ಸೊನ್ನೆ ಅಥವಾ ಒಂದು ಎಂಬ ಒಂದೇ ಅಂಕೆಯಿದ್ದಾಗ ಗಡಿಯೂ ಒಂದೇ. ಆದರೆ ಸ್ಥಳದ ಆಸೆ ಯಾರನ್ನು ಬಿಟ್ಟಿದೆ? ಒಂದೇ ಕೋಶದಲ್ಲಿ ಮೂರು ಅಂಕೆ ತುಂಬಿದರೆ 8 ಮಟ್ಟಗಳು, 7 ಗಡಿಗಳು. ನಾಲ್ಕು ತುಂಬಿದರೆ 16 ಮಟ್ಟಗಳು, 15 ಗಡಿಗಳು. ಒಂದು ಹಿತ್ತಲನ್ನು ಹದಿನಾರು ಮಂದಿ ದಾಯಾದಿಗಳು ಹಂಚಿಕೊಂಡ ಹಾಗೆ; ಗೇಣು ಜರುಗಿದರೂ ವ್ಯಾಜ್ಯ.

ಜರುಗುವುದಂತೂ ನಿಶ್ಚಯ. ಕಾಲ ಕಳೆದಂತೆ ಎಲೆಕ್ಟ್ರಾನುಗಳು ಸೋರುತ್ತವೆ. ಬರೆದು ಅಳಿಸಿ ಗೋಡೆ ಸವೆದಷ್ಟೂ, ಕಾವು ಏರಿದಷ್ಟೂ ಸೋರಿಕೆ ಹೆಚ್ಚು. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಕೇಡಿದೆ. ಒಂದು ಸಾಲನ್ನು ಓದುವಾಗ ಅದೇ ಖಂಡದ ಉಳಿದ ಸಾಲುಗಳಿಗೂ ವೋಲ್ಟೇಜು ಕೊಡಬೇಕಾಗುತ್ತದೆ. ಆಗ ಆ ನೆರೆಯ ಕೋಶಗಳೊಳಕ್ಕೆ ಕೆಲವು ಎಲೆಕ್ಟ್ರಾನುಗಳು ನುಸುಳುತ್ತವೆ. ಓದಿದ ಮಾತ್ರಕ್ಕೇ ಪಕ್ಕದ ಬರಹ ಕೆಡುವ ಗ್ರಂಥವನ್ನು ಯಾವ ಭಂಡಾರದಲ್ಲಿ ಕಂಡಿದ್ದೇವೆ?

ಇಂಥ ಬರಹವನ್ನು ಕಾಯುವ ಹೊಣೆ ನಿಯಂತ್ರಕವೆಂಬ ಪುಟ್ಟ ಗಣಕದ್ದು. ಅದರ ಮೊದಲ ಆಯುಧ, ಬರೆಯುವಾಗಲೇ ಸೇರಿಸಿಡುವ ಹೆಚ್ಚಿನ ಅಂಕೆಗಳು. ಇದರ ಮರ್ಮ ಕನ್ನಡ ಕಾವ್ಯದ ಓದುಗರಿಗೆ ಹೊಸದಲ್ಲ. ಕಂದಪದ್ಯದ ಮೊದಲ ಸಾಲಿಗೆ 12, ಎರಡನೆಯದಕ್ಕೆ 20 ಮಾತ್ರೆಗಳೆಂಬ ಕಟ್ಟು ಇರುವುದರಿಂದ ಹುಳು ತಿಂದ ಅಕ್ಷರದ ಕೊರತೆ ತಕ್ಷಣ ಬಯಲಾಗುತ್ತದೆ. ಬಿದ್ದುಹೋದದ್ದು ಎರಡನೆಯ ಅಕ್ಷರವಾದರೆ ಅದು ಯಾವ ವ್ಯಂಜನವೆಂಬುದನ್ನೂ ಉಳಿದ ಸಾಲುಗಳ ಪ್ರಾಸವೇ ಹೇಳಿಬಿಡುತ್ತದೆ. ಯಂತ್ರಕ್ಕೆ ಇಂಥ ಕಟ್ಟನ್ನು ಅಮೆರಿಕದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಒದಗಿಸಿದರು. ಹಲವು ತಪ್ಪುಗಳನ್ನು ಒಟ್ಟಿಗೆ ತಿದ್ದಬಲ್ಲ ಕಟ್ಟನ್ನು 1959ರಲ್ಲಿ ಫ್ರಾನ್ಸಿನ ಹೊಕೆಂಗೆಮ್ ಅವರೂ, 1960ರಲ್ಲಿ ಸ್ವತಂತ್ರವಾಗಿ ರಾಜಚಂದ್ರ ಬೋಸ್ ಮತ್ತು ರಾಯ್‌ಚೌಧುರಿ ಅವರೂ ಕಂಡುಕೊಂಡರು. ಬೋಸರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು ಅನಂತರ ಅಮೆರಿಕೆಗೆ ಹೋದವರು. ಬಹುಕಾಲ ಫ್ಲಾಷ್ ಮೆಮೊರಿಯನ್ನು ಕಾಪಾಡಿದ್ದು ಈ ಮೂವರ ಗಣಿತ.

ತಪ್ಪುಗಳು ಆ ಗಣಿತದ ಮಿತಿಯನ್ನೂ ಮೀರಿದರೆ? ನಿಯಂತ್ರಕವು ಗಡಿಯ ವೋಲ್ಟೇಜನ್ನು ತುಸು ಸರಿಸಿ ಪುನಃ ಓದುತ್ತದೆ. ಒಪ್ಪದಿದ್ದರೆ ಮತ್ತೂ ಸರಿಸುತ್ತದೆ. ಉಪಾಯವೇನೋ ಒಳ್ಳೆಯದೇ, ಆದರೆ ಒಂದೊಂದು ಮರು ಓದಿಗೂ ಕಾಲ ವ್ಯಯವಾಗುತ್ತದೆ, ನೆರೆಯ ಸಾಲುಗಳಿಗೆ ಪೆಟ್ಟೂ ಬೀಳುತ್ತದೆ. 2014ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ‘840 ಇವೊ’ ಎಂಬ ಸಂಗ್ರಾಹಕವನ್ನು ಕೊಂಡವರು, ಬರೆದು ಬಹುದಿನವಾದ ಕಡತಗಳು ಮಾತ್ರ ಬಹಳ ನಿಧಾನವಾಗಿ ತೆರೆಯುತ್ತಿವೆಯೆಂದು ದೂರಿದರು. ದೋಷವು ಮೆಮೊರಿಯನ್ನು ನಿರ್ವಹಿಸುವ ಕ್ರಮವಿಧಿಯಲ್ಲಿದೆಯೆಂದು ಕಂಪನಿ ಒಪ್ಪಿ, ಅಕ್ಟೋಬರಿನಲ್ಲಿ ತಿದ್ದುಪಡಿ ಕೊಟ್ಟಿತು. ಪೀಡೆ ಮರುಕಳಿಸಿತು, 2015ರ ಏಪ್ರಿಲಿನಲ್ಲಿ ಎರಡನೆಯ ತಿದ್ದುಪಡಿ ಬಂದಿತು. ಅದರಲ್ಲಿ ನಿಯಂತ್ರಕವೇ ಹಳೆಯ ಬರಹವನ್ನು ಆಗಾಗ ಹೊಸದಾಗಿ ಬರೆದಿಡುವ ಏರ್ಪಾಡಿತ್ತು. ಹಾಗೆ ಬರೆದರೆ ಗೋಡೆ ಇನ್ನಷ್ಟು ಸವೆಯುತ್ತದೆಂಬುದು ಬೇರೆ ಮಾತು.

ಆದ್ದರಿಂದ ಜಾಣತನವಿರುವುದು ಹೆಚ್ಚು ಸಲ ಓದುವುದರಲ್ಲಲ್ಲ, ಕಡಮೆ ಸಲ ಓದುವುದರಲ್ಲಿ. ಒಂದೇ ಖಂಡದ ಕೋಶಗಳು ಬಹುಮಟ್ಟಿಗೆ ಒಟ್ಟಿಗೇ ಮುಪ್ಪಾಗುತ್ತವೆ. ಅಲ್ಲಿ ಕಳೆದ ಸಲ ಯಾವ ವೋಲ್ಟೇಜು ಫಲಿಸಿತೆಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಸಲ ತಡಕಾಟ ತಪ್ಪುತ್ತದೆ. ಇನ್ನೊಂದು ಯುಕ್ತಿ ನನಗೆ ಇದಕ್ಕಿಂತಲೂ ಮೆಚ್ಚಿಗೆಯಾದುದು. ಬರೆಯುವ ಮೊದಲೇ ಅಂಕೆಗಳನ್ನು ಗೊತ್ತಾದ ಕ್ರಮದಲ್ಲಿ ಕಲಸಿಬಿಡುತ್ತಾರೆ. ಹೀಗಾಗಿ ಸೊನ್ನೆಗಳೂ ಒಂದುಗಳೂ ಹೆಚ್ಚುಕಡಮೆ ಸಮನಾಗಿರುತ್ತವೆ. ಓದಿದಾಗ ಒಂದು ಪಕ್ಷ ಹೆಚ್ಚಿದರೆ, ಅರ್ಥ ತಿಳಿಯದೆಯೇ, ಗಡಿ ಯಾವ ಕಡೆಗೆ ತಪ್ಪಿದೆಯೆಂದು ಎಣಿಕೆಯಿಂದಲೇ ಹೇಳಬಹುದು.

ಅದೂ ಸಾಲದಾದಾಗ ಗಡಿಯ ಆಚೀಚೆ ಎರಡು ಮೂರು ಸಲ ಓದಿ, ಯಾವ ಕೋಶ ಮಾತು ಬದಲಿಸಿತು, ಯಾವುದು ಬದಲಿಸಲಿಲ್ಲ ಎಂದು ಗುರುತಿಸುತ್ತಾರೆ. ಬದಲಿಸದ ಕೋಶ ನಂಬಿಕೆಗೆ ಅರ್ಹ, ಬದಲಿಸಿದ್ದು ಸಂದೇಹಾಸ್ಪದ. ಈ ಸಂದೇಹದ ಪ್ರಮಾಣವನ್ನೇ ಲೆಕ್ಕಕ್ಕೆ ಹಿಡಿಯಬಲ್ಲ ಕಟ್ಟನ್ನು ರಾಬರ್ಟ್ ಗ್ಯಾಲಗರ್ 1960ರಲ್ಲಿ ತಮ್ಮ ಡಾಕ್ಟೊರೇಟ್ ಪ್ರಬಂಧದಲ್ಲಿ ಮಂಡಿಸಿದ್ದರು. ಅಂದಿನ ಗಣಕಗಳಿಗೆ ಅದು ಎತ್ತಲಾರದ ಹೊರೆ. ಮೂರು ದಶಕ ಅದನ್ನು ಕೇಳುವವರೇ ಇರಲಿಲ್ಲವೆನ್ನಬೇಕು. 1990ರ ದಶಕದಲ್ಲಿ ಡೇವಿಡ್ ಮೆಕೇ ಮೊದಲಾದವರು ಅದನ್ನು ಮತ್ತೆ ಬೆಳಕಿಗೆ ತಂದರು. ಈಗ ಹೊಸ ನಿಯಂತ್ರಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ.

ಇಷ್ಟೆಲ್ಲ ಎಚ್ಚರವೂ ವಿದ್ಯುತ್ತು ಹರಿಯುತ್ತಿರುವವರೆಗೆ ಮಾತ್ರ. ಮನೆಬಳಕೆಯ ಸಂಗ್ರಾಹಕವು ತನಗೆ ಗೊತ್ತುಮಾಡಿದ ಬರಹದ ಆಯುಸ್ಸನ್ನೆಲ್ಲ ಸವೆಸಿದ ಮೇಲೆ, ವಿದ್ಯುತ್ತಿನ ಸಂಪರ್ಕವಿಲ್ಲದೆ 30 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬರಹವನ್ನು ಕಾಪಾಡಬೇಕೆಂದು ‘ಜೆಡೆಕ್’ ಎಂಬ ಮಾನಕ ಸಂಸ್ಥೆ ವಿಧಿಸಿರುವ ಅವಧಿ ಒಂದು ವರ್ಷ. ಹಳೆಯ ಸಂಗ್ರಾಹಕವೊಂದರಲ್ಲಿ ಸಂಶೋಧನ ಪ್ರಬಂಧವನ್ನೋ ಮನೆಯ ಹಿರಿಯರ ಚಿತ್ರಗಳನ್ನೋ ತುಂಬಿ ಬೀರುವಿನೊಳಗೆ ಇಟ್ಟವರು, ಅದನ್ನು ಕೊನೆಯ ಸಲ ಗಣಕಕ್ಕೆ ಜೋಡಿಸಿದ್ದು ಎಂದೆಂದು ಒಮ್ಮೆ ಲೆಕ್ಕ ಹಾಕಬೇಕು. ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟಿದ್ದಾರೆಯೇ ಎಂಬುದನ್ನೂ.