ಹೇಳಿ ಕೆಡುವ ಗಾಡಿ

ಅಂಬಾರಗೋಡ್ಲು ದಡದಲ್ಲಿ ಪಿಕಪ್ ಲಾಂಚ್ ಹತ್ತುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕೆಂಪು ಮಣ್ಣಿನ ಇಳಿಜಾರು, ಅದರ ತುದಿಗೆ ಇಳಿಬಿಟ್ಟ ಕಬ್ಬಿಣದ ಹಲಗೆ, ಹಲಗೆಯಾಚೆ ನೀರಿನ ಮೇಲೆ ಮೆಲ್ಲಗೆ ತೂಗುವ ಲಾಂಚ್. ಡ್ರೈವರ್ ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಹಿಡಿದು ಹಿಡಿದು ಇಳಿಸಿ, ಮುಂದಿನ ಚಕ್ರ ಹಲಗೆಗೆ ತಾಗಿದ್ದೇ ತಡ ಒಂಚೂರು ಆಕ್ಸಿಲರೇಟರ್ ಕೊಡುತ್ತಿದ್ದ. ಧಡ್ ಎನ್ನುವ ಸದ್ದು. ಹಿಂದೆ ಹಿಂಡಿ ಚೀಲ, ಸಿಲಿಂಡರ್, ಸಿಮೆಂಟು, ಯಾರದೋ ಗೃಹಪ್ರವೇಶದ ಕುರ್ಚಿಗಳು. ಗಾಡಿ ಒಳಗೆ ನಿಂತ ಮೇಲೂ ಒಂದೆರಡು ನಿಮಿಷ ಕ್ಲಚ್ ಸುಟ್ಟ ವಾಸನೆ ಹಿನ್ನೀರಿನ ಗಾಳಿಯಲ್ಲಿ ಇರುತ್ತಿತ್ತು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿದ ಮೇಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳು ಸಾಗರ ಪೇಟೆಯಿಂದ ಕಡಿದುಹೋದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೂ ತುಮರಿ, ಬ್ಯಾಕೋಡು, ಸಿಗಂದೂರಿನವರಿಗೆ ಪೇಟೆಯ ಹತ್ತಿರದ ದಾರಿಯೆಂದರೆ ಲಾಂಚ್. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಸನಗರ, ನಗರ, ನಿಟ್ಟೂರಿನ ಮೇಲೆ ಸುತ್ತಿ ಬರಬೇಕಿತ್ತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಲಾಂಚ್‌ಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಗಾಡಿ ನಿಂತರೆ ಅದನ್ನು ಎಳೆದು ತರುವ ಗಾಡಿಯೂ ಲಾಂಚ್ ದಾಟಿಯೇ ಬರಬೇಕಿದ್ದ ಊರು ಇದು. ಇಲ್ಲಿ ಪಿಕಪ್ ಇಟ್ಟುಕೊಂಡವರು ಗಾಡಿಯ ಬಗ್ಗೆ ಆಡುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದು ಅದಕ್ಕೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಪಿಕಪ್ ಎಂದರೆ ಮೊದಲು ಕಣ್ಣಿಗೆ ಬರುವುದು ಮಹೀಂದ್ರ ಬೊಲೆರೊ ಪಿಕಪ್. ಅದರ ಜೊತೆಗೆ ಟಾಟಾ 207, ಆಮೇಲೆ ಬಂದ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್. ಅದಕ್ಕೂ ಚಿಕ್ಕ ಕೆಲಸಕ್ಕೆ 2005ರಲ್ಲಿ ಬಂದ ಟಾಟಾ ಏಸ್. ಅಮೆರಿಕದಲ್ಲಿ ಫೋರ್ಡ್ ಕಂಪನಿ 1948ರಿಂದ ಮಾರುತ್ತಿರುವ ಎಫ್ ಸರಣಿಯಂಥ ಪಿಕಪ್‌ಗಳ ಪಕ್ಕದಲ್ಲಿ ನಮ್ಮವು ಸಣ್ಣವಾಗಿ ಕಾಣುತ್ತವೆ. ಆದರೆ ಅಲ್ಲಿನ ಆ ವರ್ಗಕ್ಕೆ ‘ಹಾಫ್ ಟನ್’ ಎನ್ನುವ ಹಳೆಯ ಹೆಸರು ಈಗಲೂ ಉಳಿದಿದೆ. ನಮ್ಮ ಬೊಲೆರೊ ಪಿಕಪ್‌ನ ಒಂದು ಮಾದರಿ 1.7 ಟನ್ ಹೊರಲೆಂದೇ ತಯಾರಾದದ್ದು. ಅಲ್ಲಿ ಎಷ್ಟೋ ಜನ ಪಿಕಪ್ಪನ್ನು ಕಾರಿನ ಬದಲು ಓಡಿಸುತ್ತಾರೆ. ಇಲ್ಲಿ ಅದು ಮನೆಗೆ ಅನ್ನ ತರುವ ಎತ್ತು.

‘ಗಾಡಿ ಹ್ಯಾಂಗಿದೆ?’ ಎಂದು ಕೇಳಿ ನೋಡಿ. ಮೈಲೇಜಿನ ಮಾತು ಆಮೇಲೆ. ಮೊದಲು ಬರುವ ಉತ್ತರ ‘ಕೈ ಕೊಡ್ಲಿಲ್ಲ ಮಾರಾಯ್ರೆ’ ಅಥವಾ ‘ಒಂದ್ಸಲ ಕೈ ಕೊಡ್ತು’. ಈ ಮಾತನ್ನು ನಾನು ಬಹಳ ಕಾಲ ತಪ್ಪಾಗಿ ತಿಳಿದಿದ್ದೆ. ಕೈ ಕೊಡದ ಗಾಡಿ ಎಂದರೆ ರಿಪೇರಿಗೆ ಬಾರದ ಗಾಡಿ ಅಂದುಕೊಂಡಿದ್ದೆ. ಆದರೆ ಕೆದಕಿ ಕೇಳಿದರೆ ಅದೇ ಮನುಷ್ಯ ಲೆಕ್ಕ ಒಪ್ಪಿಸುತ್ತಾನೆ: ಕ್ಲಚ್ ಪ್ಲೇಟ್ ಮೂರು ಸಲ ಹಾಕಿಸಿದ್ದು, ಹಿಂದಿನ ಪ್ಲೇಟ್ ಸೆಟ್ ಎರಡು ಸಲ ಬಿಚ್ಚಿಸಿದ್ದು, ಡೈನಮೋ ಒಮ್ಮೆ, ರೇಡಿಯೇಟರ್ ಒಮ್ಮೆ. ಇಷ್ಟೆಲ್ಲ ಆದ ಮೇಲೂ ಗಾಡಿ ಕೈ ಕೊಟ್ಟಿಲ್ಲ. ಯಾಕೆಂದರೆ ಆ ಒಂದೊಂದೂ ಮೊದಲೇ ಹೇಳಿತ್ತು. ಸಾಗರಕ್ಕೆ ಹೋಗುವ ದಿನ ನೋಡಿಕೊಂಡು ಗ್ಯಾರೇಜಿಗೆ ಬಿಟ್ಟು, ಅಂಗಡಿ ಕೆಲಸ ಮುಗಿಸಿ, ಸಂಜೆ ಲಾಂಚ್‌ಗೆ ತಂದದ್ದಾಯಿತು.

ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ವಾಹನದ ನಂಬಿಕೆಯನ್ನು ಅಳೆಯುವುದು ಬೇರೆ ರೀತಿ. ಮೂರು ವರ್ಷ ಹಳೆಯ ವಾಹನಗಳ ಮಾಲೀಕರನ್ನು ಕೇಳಿ, ನೂರು ವಾಹನಕ್ಕೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. ಆ ಎಣಿಕೆಯಲ್ಲಿ ಬ್ಲೂಟೂತ್ ಸೇರದಿದ್ದರೂ ಒಂದು, ಎಂಜಿನ್ ನಿಂತರೂ ಒಂದು. ನಮ್ಮವರು ಹಾಗೆ ಎಣಿಸುವುದಿಲ್ಲ. ಕೆಟ್ಟಿತೋ ಇಲ್ಲವೋ ಅನ್ನುವುದಕ್ಕಿಂತ ಹೇಳಿ ಕೆಟ್ಟಿತೋ ಹೇಳದೆ ನಿಂತಿತೋ ಅನ್ನುವುದು ಅವರಿಗೆ ದೊಡ್ಡದು. ಗಾಡಿಯ ನಂಬಿಕೆಗೆ ಇದಕ್ಕಿಂತ ಸರಿಯಾದ ಅಳತೆ ನನಗೆ ಇನ್ನೂ ಸಿಕ್ಕಿಲ್ಲ.

ಹೇಳುವುದು ಹೇಗೆ? ಕ್ಲಚ್ ಸವೆದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ. ಶ್ಯಾಫ್ಟಿನ ಕ್ರಾಸ್ ಹೋಗುವ ಮುಂಚೆ, ನಿಂತ ಗಾಡಿ ಹೊರಡುವಾಗ ಅಡಿಯಿಂದ ‘ಟಕ್’ ಎನ್ನುತ್ತದೆ. ಚಕ್ರದ ಬೇರಿಂಗ್ ದಿನಗಟ್ಟಲೆ ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಪ್ಲೇಟ್ ಸೆಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಲ್ಲಿ ಒಂದು ಮುರಿದರೆ ಗಾಡಿ ಒಂದು ಮಗ್ಗುಲಿಗೆ ವಾಲಿ ನಿಲ್ಲುತ್ತದೆ. ಉಳಿದ ಪಟ್ಟಿಗಳು ಊರು ಮುಟ್ಟಿಸುತ್ತವೆ. ಅನುಭವವಿದ್ದವರು ಗಾಡಿಯನ್ನು ದೂರದಿಂದ ಹಿಂದುಗಡೆ ನಿಂತು ನೋಡಿಯೇ ಯಾವ ಕಡೆಯ ಪಟ್ಟಿ ಹೋಗಿದೆ ಎನ್ನುತ್ತಾರೆ. ಎತ್ತು ಕುಂಟುವುದನ್ನು ನೋಡಿ ಯಾವ ಕಾಲು ಎಂದು ಹೇಳುತ್ತಿದ್ದ ಹಿರಿಯರ ಕಣ್ಣೇ ಇದು.

ಈ ಕಣ್ಣು, ಈ ಕಿವಿ ತಯಾರಾದದ್ದು ಜೀಪಿನ ಕಾಲದಲ್ಲಿ. ಪಿಕಪ್ ಬರುವ ಮೊದಲು ನಮ್ಮ ಘಟ್ಟದ ಊರುಗಳ ಭಾರವನ್ನು ಹೊತ್ತದ್ದು ಮಹೀಂದ್ರ ಜೀಪು. ಅಡಿಕೆ, ಗೊಬ್ಬರ, ಬಾಣಂತಿ, ಮದುವೆ ದಿಬ್ಬಣ ಎಲ್ಲವೂ ಅದರಲ್ಲೇ. ಎಂಎಂ 540ಯಂಥ ಜೀಪುಗಳಲ್ಲಿದ್ದದ್ದು ಫ್ರಾನ್ಸಿನ ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ಡೀಸೆಲ್ ಪಂಪು ಎಂಜಿನ್ನಿನ ಸುತ್ತಿನಲ್ಲೇ ತಿರುಗುತ್ತಿತ್ತು. ಬ್ಯಾಟರಿ ಸತ್ತರೂ ನಾಲ್ಕು ಜನ ತಳ್ಳಿದರೆ ಗಾಡಿ ಎದ್ದುಬಿಡುತ್ತಿತ್ತು. ಕೊಡಚಾದ್ರಿಯ 1343 ಮೀಟರ್ ಎತ್ತರಕ್ಕೆ ಪ್ರವಾಸಿಗರನ್ನು ಹೊತ್ತು, ದಾರಿ ಎನ್ನಲೂ ಬಾರದ ಕೊರಕಲಿನಲ್ಲಿ ಏರುವ ಜೀಪುಗಳನ್ನು ಕಂಡವರಿಗೆ ಈ ಯಂತ್ರದ ತಾಳ್ಮೆ ಗೊತ್ತು. ಬೊಲೆರೊ ಪಿಕಪ್‌ನ ನಾಲ್ಕು ಸಿಲಿಂಡರಿನ 2523 ಸಿಸಿ ಎಂಜಿನ್ನನ್ನು ನಮ್ಮ ಮೆಕ್ಯಾನಿಕ್ಕರು ಬೇಗ ಒಪ್ಪಿಕೊಂಡದ್ದಕ್ಕೆ, ಬಿಚ್ಚಿದರೆ ಒಳಗೆ ಗುರುತಿನ ಮುಖವೇ ಕಂಡದ್ದು ಒಂದು ಕಾರಣ. ಪಾರ್ಟ್ಸ್ ಸಾಗರದಲ್ಲಿ ಸಿಗುತ್ತದೆ, ಅಲ್ಲಿ ಇಲ್ಲದ್ದು ಶಿವಮೊಗ್ಗದಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತದೆ ಎನ್ನುವುದು ಇನ್ನೊಂದು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುವ ಆ ರಟ್ಟಿನ ಡಬ್ಬಿಯನ್ನು ಬಿಟ್ಟು ಮಲೆನಾಡಿನಲ್ಲಿ ಯಾವ ಗಾಡಿಯ ಒಳ್ಳೆಯ ಹೆಸರನ್ನೂ ವಿವರಿಸಲಾಗದು.

2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂತು. ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಗಾಡಿಗಳಿಗೆ ಹೊಗೆ ಶುದ್ಧಿ ಮಾಡುವ ಸಲಕರಣೆಗಳು, ಅವನ್ನು ಕಾಯುವ ಸೆನ್ಸರ್‌ಗಳು ಸೇರಿದವು. ಏರಿನಲ್ಲಿ ಮುಂದಿನ ಗಾಡಿಯ ಕಪ್ಪು ಹೊಗೆ ಕುಡಿದು ಬೆಳೆದ ನಾನು ಈ ಬದಲಾವಣೆಯನ್ನು ಮನಸಾರೆ ಸ್ವಾಗತಿಸುತ್ತೇನೆ. ಮಾಲೀಕರ ದೂರೂ ನಿಜವೇ. ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿ ಆಗಾಗ ಒಂದೇ ವೇಗದಲ್ಲಿ ಚೆನ್ನಾಗಿ ಓಡಿ ಬಿಸಿಯಾಗಬೇಕು. ಆಗ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಡೈರಿಗೆ, ಡೈರಿಯಿಂದ ತೋಟಕ್ಕೆ ಎಂದು ಮೊದಲ ಎರಡು ಗೇರಿನಲ್ಲೇ ಓಡಾಡುವ ಗಾಡಿಗೆ ಅಷ್ಟು ದಾರಿ ಎಲ್ಲಿದೆ? ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಇನ್ನು ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ನೀರಿನ ಹನಿಯೇ ವೈರಿ. ಮಳೆಗಾಲದಲ್ಲಿ ಕ್ಯಾನಿನ ಡೀಸೆಲ್ ಹಾಕಬೇಡಿ, ಫಿಲ್ಟರಿನ ಬುಡದ ನೀರು ಬಿಡಿ ಎಂದು ಮೆಕ್ಯಾನಿಕ್ಕರು ಹೇಳುವುದು ಸುಮ್ಮನೆ ಅಲ್ಲ.

ಹೇಳದೆ ನಿಲ್ಲುವುದು ಎಂದರೇನು ಎಂದು ನನಗೆ ತಿಳಿದದ್ದು ನಮ್ಮ ಮನೆಯ ಗಾಡಿಯಿಂದಲೇ. ಒಂದು ಶ್ರಾವಣದ ಸಂಜೆ ಲಾಂಚ್‌ನಿಂದ ಇಳಿದು ಕಳಸವಳ್ಳಿ ದಡ ಹತ್ತುವಾಗ ಗಾಡಿ ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಿಂದೆ ಇಳಿಯಬೇಕಾದ ಬಸ್ಸು, ಮೇಲೆ ಜಡಿಮಳೆ. ಲಾಂಚ್‌ನಲ್ಲಿದ್ದವರೆಲ್ಲ ಸೇರಿ ಗಾಡಿಯನ್ನು ಬದಿಗೆ ತಳ್ಳಿದರು. ತಳ್ಳಿದವರ ಕಾಲು ಮೊಣಕಾಲಿನವರೆಗೆ ಕೆಸರು. ಮಾರನೆಯ ದಿನ ಬಾನೆಟ್ ಒಳಗೆ ಟಾರ್ಚ್ ಬಿಟ್ಟು ಹುಡುಕಿದಾಗ ಸಿಕ್ಕಿದ್ದು ಇಲಿ ಕಡಿದ ಒಂದು ತೆಳು ವಯರು, ಎಂಜಿನ್ ಸುತ್ತು ಎಣಿಸುವ ಸೆನ್ಸರಿನದು. ನಾಲ್ಕು ಇಂಚಿನ ವಯರಿಗೆ ಗಂಟು ಹಾಕಿ ಟೇಪ್ ಸುತ್ತಿದ ಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಎದ್ದಿತು. ಅಡಿಕೆ ಅಟ್ಟದ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿಯ ಕಾಟ ತಪ್ಪಿದ್ದಲ್ಲ. ಅವತ್ತಿನಿಂದ ಮಳೆಗಾಲದ ರಾತ್ರಿ ಬಾನೆಟ್ ಎತ್ತಿಡುವುದು ನಮ್ಮಲ್ಲಿ ರೂಢಿ. ಬೆಳಕು, ಗಾಳಿ ಆಡಿದರೆ ಇಲಿ ಗೂಡು ಕಟ್ಟುವುದು ಕಡಿಮೆ.

ಮಾಲೀಕರ ಮಾತಿನಲ್ಲಿ ನಾನು ಒಪ್ಪದ ಭಾಗವೂ ಇದೆ. ಗಾಡಿ ಎಷ್ಟು ಗಟ್ಟಿ ಎಂದು ಹೇಳಲು ಎಷ್ಟು ಹೆಚ್ಚು ಹೇರಿದೆವು ಎಂಬುದನ್ನೇ ಸಾಕ್ಷಿ ಕೊಡುವುದು. ಒಂದೂ ಮುಕ್ಕಾಲು ಟನ್ನೂ ಇಲ್ಲದ ಲೆಕ್ಕಕ್ಕೆ ಎರಡೂವರೆ ಹೇರುವುದು, ಅದಕ್ಕೆಂದೇ ಪ್ಲೇಟ್ ಸೆಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಪಟ್ಟಿ ಸೇರಿಸಿದರೆ ಗಾಡಿ ಕುಗ್ಗುವುದಿಲ್ಲ ನಿಜ. ಆದರೆ ಬ್ರೇಕು, ಬೇರಿಂಗು, ಟೈರು, ಛಾಸಿ ಮೊದಲಿನವೇ. ಆಗುಂಬೆಯ 14 ತಿರುವುಗಳಲ್ಲೋ ಹುಲಿಕಲ್ ಘಾಟಿಯಲ್ಲೋ ಈ ಹೆಚ್ಚಿನ ಭಾರ ಬ್ರೇಕ್ ಡ್ರಮ್ಮಿನ ಮೇಲೆ ಬೀಳುತ್ತದೆ. ಡ್ರಮ್ ಕಾದಷ್ಟೂ ಹಿಡಿತ ಸಡಿಲ. ಪೆಡಲ್ ತುಳಿದರೂ ಗಾಡಿ ಜಾರುತ್ತಲೇ ಇರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವ ಹಳಬರ ಮಾತು ಇದಕ್ಕೇ ಹುಟ್ಟಿದ್ದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆರಿಸಿ ಇಳಿಯುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ.

ಕೊಯ್ಲಿನ ದಿನಗಳಲ್ಲಿ ಅಡಿಕೆ ಗೊನೆಗಳ ಮೇಲೆ ಜನರನ್ನು ಕೂರಿಸಿಕೊಂಡು ಹೋಗುವುದನ್ನು ಈಗಲೂ ನೋಡುತ್ತೇವೆ. ಹಿಂದೆ ಕೂತ ಹೆಣ್ಣುಮಕ್ಕಳಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಬಿಟ್ಟರೆ ಏನೂ ಇರುವುದಿಲ್ಲ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ಆ ಕೂಲಿ ಮನೆಗೆ ವಿಮೆಯ ಹಣ ಸಿಗುವುದೂ ಕಷ್ಟ. ಗಾಡಿ ಗಟ್ಟಿಯಿದೆ ಎಂಬ ಭರವಸೆ ಅವರ ಮೈಗೆ ರಕ್ಷಣೆಯಲ್ಲ. ಇದನ್ನು ಎಷ್ಟು ಸಲ ಬರೆದರೂ ಬೇಸರವಿಲ್ಲ.

ಗಾಡಿಯ ನಿಜವಾದ ಚರಿತ್ರೆ ಗೊತ್ತಾಗುವುದು ಅದನ್ನು ಮಾರುವಾಗ. ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಬರುವವರು ಒಬ್ಬ ಹಳೆಯ ಮೆಕ್ಯಾನಿಕ್ಕನನ್ನು ಜೊತೆಗೆ ಕರೆತರುತ್ತಾರೆ. ಆತ ಮಾತಾಡುವುದು ಕಡಿಮೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈಯನ್ನು ಮೇಲೆ ಹಿಡಿಯುತ್ತಾನೆ. ಉಸಿರು ರಭಸವಾಗಿ ಬಡಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ. ಆಮೇಲೆ ಸ್ಪ್ಯಾನರ್ ಹಿಡಿದು ಗಾಡಿಯ ಅಡಿಗೆ ನುಗ್ಗಿ ಛಾಸಿಯ ಉದ್ದಕ್ಕೂ ತಟ್ಟುತ್ತ ಹೋಗುತ್ತಾನೆ. ಟಣ್, ಟಣ್, ಟಣ್ ಎನ್ನುತ್ತಿದ್ದದ್ದು ಒಂದು ಕಡೆ ‘ಡಬ್’ ಎಂದರೆ ಅಲ್ಲಿ ಕೈ ನಿಲ್ಲುತ್ತದೆ. ಉಗುರಿನಿಂದ ಕೆರೆದರೆ ಬಣ್ಣದ ಕೆಳಗೆ ತುಕ್ಕಿನ ಪದರ. ಕುಂದಾಪುರ, ಭಟ್ಕಳದಿಂದ ಮೀನು ತಂದ ಗಾಡಿಯೋ, ಗೊಬ್ಬರ ಹೇರಿ ತೊಳೆಯದೆ ಬಿಟ್ಟ ಗಾಡಿಯೋ ಎಂಬುದು ಆತನಿಗೆ ಅಲ್ಲೇ ಗೊತ್ತಾಗುತ್ತದೆ. ಉಪ್ಪುನೀರೂ ಸಗಣಿ ಗೊಬ್ಬರದ ರಸವೂ ತಗಡಿಗೆ ಒಂದೇ. ಮಲೆನಾಡಿನಲ್ಲಿ ಎಂಜಿನ್ನಿಗಿಂತ ಮೊದಲು ಮುದಿಯಾಗುವುದು ಮೈಯೇ.

ಈಗ ಸೇತುವೆ ಇದೆ. ಎರಡೂ ಕಾಲು ಕಿಲೋಮೀಟರ್ ಮೀರಿದ ಆ ದಾರಿಯನ್ನು ಪಿಕಪ್‌ಗಳು ನಡುರಾತ್ರಿಯಲ್ಲೂ ದಾಟುತ್ತವೆ. ಗ್ಯಾರೇಜಿನವರೂ ಕರೆದರೆ ತುಮರಿಗೆ ಬರುತ್ತಾರೆ. ಹೊಸ ಗಾಡಿ ಪೂಜೆಗೆಂದು ಸಿಗಂದೂರಿಗೆ ಬರುವವರು ಲಾಂಚ್‌ಗೆ ಸಾಲು ನಿಲ್ಲಬೇಕಿಲ್ಲ. ಅಲ್ಲಿನ ಚೌಡೇಶ್ವರಿ ದೇವಿಯ ಕಾವಲಿದೆ ಎಂಬ ಫಲಕವನ್ನು ನಮ್ಮ ಕಡೆ ಅಡಿಕೆ ತೋಟದ ಬೇಲಿಗೂ ಕಟ್ಟುತ್ತಾರೆ, ಅಂಗಡಿಯ ಬಾಗಿಲಿಗೂ. ಗಾಡಿಯ ಗಾಜಿನ ಮೇಲೂ ಆ ಹೆಸರು.

ಮೊನ್ನೆ ಆ ಕಡೆಯ ಒಂದು ಪಿಕಪ್‌ನಲ್ಲಿ ಸಾಗರದವರೆಗೆ ಬಂದೆ. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ನನ್ನ ಸೀಟಿನ ಅಡಿಯಲ್ಲಿ ಏನೋ ಕುಲುಕುತ್ತಿತ್ತು. ಬಗ್ಗಿ ನೋಡಿದೆ: ಒಂದು ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ಫ್ಯೂಸುಗಳ ಪೊಟ್ಟಣ, ಸುತ್ತಿಟ್ಟ ವಯರು, ಟೇಪು, ಟಾರ್ಚು, ಮತ್ತು ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ಕ್ಲಚ್ ಪ್ಲೇಟ್. ಸೇತುವೆ ಆದ ಮೇಲೂ ಅದನ್ನು ಇಳಿಸಿಲ್ಲವಾ ಎಂದು ಕೇಳಿದೆ. ಗಾಡಿ ಓಡಿಸುತ್ತಿದ್ದವರು ರಸ್ತೆಯಿಂದ ಕಣ್ಣು ತೆಗೆಯದೆ ಇಲ್ಲವೆಂದು ತಲೆ ಅಲ್ಲಾಡಿಸಿ, ಅಂಬಾರಗೋಡ್ಲು ಏರಿಗೆ ಗೇರ್ ಬದಲಿಸಿದರು.