ಕಲ್ಲು ಊರಲ್ಲಿ, ಕಪಾಟು ಮೈಸೂರಲ್ಲಿ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಕಲ್ಲೇಶ್ವರ ಗುಡಿಯ ಚಾವಣಿಯ ನಟರಾಜ ನೊಳಂಬರ ಕಾಲದವನು. ತುರುವೇಕೆರೆ ಹೊಯ್ಸಳರ ಕಾಲದ ಅಗ್ರಹಾರ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಯೋಗಮಾಧವನ ಗುಡಿಯಿದೆ. ಇವುಗಳ ಮೇಲೆ ಪಿಎಚ್‌.ಡಿ. ಮಾಡಹೊರಟ ತೆಂಗಿನ ಸೀಮೆಯ ವಿದ್ಯಾರ್ಥಿಗೆ ಆಕರಗಳು ಮನೆ ಬಾಗಿಲಲ್ಲೇ ಇವೆ. ಅವನ್ನು ಅರ್ಥಮಾಡಿಕೊಳ್ಳಲು ಬೇಕಾದ ಗ್ರಂಥಗಳಿಗಾಗಿ ಮಾತ್ರ ಬಸ್ಸು, ರೈಲು ಹತ್ತಬೇಕು.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟವಾಗಿ 1904ರಲ್ಲಿ ಹೊರತಂದರು. ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಸೇರಿಸಿದರು. ಆದರೆ ಅಚ್ಚಾದ ಪಾಠವನ್ನಷ್ಟೇ ನಂಬಿ ಕೂತರೆ ಸಂಶೋಧನೆ ಮುಂದೆ ಸಾಗದು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಬೇಕು. ಅಕ್ಷರದ ಕುಳಿಗೆ ಕಾಗದ ಇಳಿದ ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಬಿಳಿ ಅಕ್ಷರಗಳು ಮೂಡುತ್ತವೆ. ಇಂಥ ಪಡಿಯಚ್ಚುಗಳ ದೊಡ್ಡ ಸಂಗ್ರಹ ಮೈಸೂರಿನ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆಯಲ್ಲಿದೆ. ಆ ಕಚೇರಿ 1966ರಲ್ಲಿ ಊಟಿಯಿಂದ ಅಲ್ಲಿಗೆ ಬಂತು. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಮೈಸೂರಿನದೇ. ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಓಲೆಗರಿಗಳನ್ನು ಗುರುತಿಸಿದ್ದು ಅಲ್ಲಿ.

ತುಮಕೂರಿಗೆ 2004ರಲ್ಲಿ ವಿಶ್ವವಿದ್ಯಾಲಯ ಬಂದದ್ದು ದೊಡ್ಡ ಅನುಕೂಲ. ಮೊಬೈಲಿನಲ್ಲೇ ಓದಬಹುದಾದ ಶೋಧಗಂಗಾ ಜಾಲತಾಣ ಇನ್ನೊಂದು ಅನುಕೂಲ; ಯುಜಿಸಿ ನಿಯಮದಂತೆ ಪಿಎಚ್‌.ಡಿ. ಪ್ರಬಂಧಗಳು ಅಲ್ಲಿಗೆ ಸೇರಬೇಕು. ಕನ್ನಡ ಪ್ರಬಂಧಗಳ ಪಾಡು ಮಾತ್ರ ನೋವಿನದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪುಟ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ‘ತುರುವೇಕೆರೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಇನ್ನು ಸ್ಕ್ಯಾನ್ ಮಾಡಿ ಏರಿಸಿದ್ದಾದರೆ ಬರೀ ಚಿತ್ರ. ವರ್ಷಗಟ್ಟಲೆ ದುಡಿದವರ ಕೆಲಸ ಹೀಗೆ ಇದ್ದೂ ಇಲ್ಲದಂತಾಗುತ್ತದೆ. ಯೂನಿಕೋಡ್ ಕಡ್ಡಾಯ ಮಾಡಲು ಹೊಸ ಕಟ್ಟಡವೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

2025ರ ಜನವರಿಯಲ್ಲಿ ಶುರುವಾದ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದೆ. ವಿಜ್ಞಾನದವರಿಗೆ ಇದು ಹಬ್ಬ. 1919ರಿಂದ ಬಂದ ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಸಂಚಿಕೆ ಹುಡುಕುವ ಕನ್ನಡ ವಿದ್ಯಾರ್ಥಿಗೆ ಅದರಿಂದ ಏನೂ ದಕ್ಕದು.

ಈ ಸೀಮೆ ವಿದ್ವತ್ತಿಗೆ ಬರಡಲ್ಲ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ತೀ.ನಂ. ಶಂಕರನಾರಾಯಣ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡುವವರೂ ಆಕರವೇ; ಮಠಗಳ ಓಲೆಗರಿ, ತಿಪಟೂರಿನ ಕೊಬ್ಬರಿ ಮಂಡಿಗಳ ಹಳೆಯ ಲೆಕ್ಕದ ಪುಸ್ತಕಗಳೂ ಆಕರವೇ. ಮಂಡಿಯ ಲೆಕ್ಕಪುಸ್ತಕ ರದ್ದಿಗೆ ಹೋದರೆ ಈ ಸೀಮೆಯ ಆರ್ಥಿಕ ಚರಿತ್ರೆಯ ಒಂದು ತುಂಡೇ ಹೋದಂತೆ.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆ ಹಣದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಒಂದೊಂದು ಸಂಶೋಧನಾ ಕಪಾಟು ಕೇಳುವುದು ಅತಿಯಾಸೆಯಲ್ಲ: ಶಾಸನ ಸಂಪುಟ, ಗ್ಯಾಸೆಟಿಯರ್, ಒಂದು ಸ್ಕ್ಯಾನರ್, ಸಂಜೆ ಎಂಟರವರೆಗೆ ಕೂರಲು ಮೇಜು. ಜೊತೆಗೆ, ಈ ತಾಲ್ಲೂಕುಗಳ ಮೇಲೆ ಪದವಿ ಪಡೆದ ಪ್ರತಿ ಪ್ರಬಂಧದ ಒಂದು ಪ್ರತಿ, ಹಾಡಿ ಮಾಹಿತಿ ಕೊಟ್ಟ ಹಟ್ಟಿಯ ಮಕ್ಕಳೂ ಎತ್ತಿಕೊಂಡು ಓದುವಂತೆ.